ಎರಡನೆಯ ಬಾಯಿ

ನಮ್ಮ ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇದೆ, ನೋಡುವುದಕ್ಕೆ. ಇಪ್ಪತ್ತೆರಡು ವರ್ಷಗಳಿಂದ ನಾನು ಮೆಟ್ಟಿಲನ್ನೇ ಹತ್ತುತ್ತಿದ್ದೇನೆ. ಮೊದಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದೆ. ಈಗ ಎರಡನೆಯ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಬಾಗಿಲ ಮುಂದಿರುವ ಬೆಂಚಿನ ಮೇಲೆ ಕೂತು, ಮಂಡಿ ಉಜ್ಜಿಕೊಂಡು, ಆಮೇಲೆ ಮುಂದಕ್ಕೆ. ಕೆನ್ನೆ ಹಿಡಿದುಕೊಂಡು ಕೂತವರು ನನಗೂ ಹಲ್ಲುನೋವೆಂದೇ ತಿಳಿದು ಮರುಗುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಪುಕ್ಕಟೆ ಸಿಕ್ಕ ಮರುಕವನ್ನು ಯಾಕೆ ಬಿಡಬೇಕು?

ನಾವು ಮಾಡುತ್ತಿರುವುದು ದೇವರುಗಳ ಹೆಸರಿನ ಕೋಶ. ಜಗತ್ತಿನ ಹಳೆಯ ದೇವರುಗಳನ್ನು ಯಾವ ಭಾಷೆಯವರು ಏನೆಂದು ಕರೆಯುತ್ತಾರೆ ಎಂಬುದನ್ನು ಒಂದೆಡೆ ಸೇರಿಸುವ ಕೆಲಸ. ‘ನಾವು’ ಎಂದರೆ ತುಂಬಾ ಜನರೇನಿಲ್ಲ. ಸಂಪಾದಕರು, ನಾನು, ಗೋಡೆಯುದ್ದಕ್ಕೂ ನಿಂತ ಕಾರ್ಡಿನ ಪೆಟ್ಟಿಗೆಗಳು. ಸಂಪಾದಕರಿಗೆ ಎಪ್ಪತ್ತೆಂಟು. ನನಗೆ ಐವತ್ತಾರು. ಪ್ರೂಫ್ ನೋಡುವುದು, ಕಾರ್ಡು ತುಂಬುವುದು, ಸುಳ್ಳು ಕಾರ್ಡು ಹರಿಯುವುದು ನನ್ನ ಪಾಲು. ಇಷ್ಟು ವರ್ಷಗಳಲ್ಲಿ ನಾವು ಮುಗಿಸಿದ್ದು ಮೊದಲ ಸಂಪುಟ. ಅದರಲ್ಲಿರುವುದು ‘ಅ’ ಒಂದೇ. ಅಣ್ಣ ಮನೆಗೆ ಬಂದವರ ಮುಂದೆಲ್ಲ ಇದನ್ನು ಹೇಳಿ ನಗುತ್ತಾನೆ. “ನಮ್ಮ ತಂಗಿ ‘ಆ’ ಮುಟ್ಟೋ ಹೊತ್ತಿಗೆ ಆ ದೇವರುಗಳೇ ಬಂದು ‘ಸಾಕು ಬಿಡಮ್ಮ’ ಅಂತಾವೆ” ಎನ್ನುತ್ತಾನೆ.

ತಡವಾಗುವುದಕ್ಕೆ ಕಾರಣ ನಮ್ಮ ನಿಯಮ. ಸತ್ತ ಭಾಷೆಯಾದರೆ ಕಷ್ಟವಿಲ್ಲ. ಹೆಸರು ಯಾವ ಕಲ್ಲಿನ ಮೇಲೆ, ಯಾವ ಮಣ್ಣಿನ ಹಲಗೆಯ ಮೇಲೆ ಸಿಕ್ಕಿತು ಎಂದು ಕಾರ್ಡಿನ ಮೊದಲ ಸಾಲಿನಲ್ಲಿ ಬರೆದರೆ ಮುಗಿಯಿತು. ಆ ಸಾಲಿಗೆ ‘ಮೊದಲು ಕಂಡದ್ದು’ ಎಂದು ಹೆಸರು. ಬದುಕಿರುವ ಭಾಷೆಗೆ ಮಾತ್ರ ಎರಡು ಬಾಯಿ ಬೇಕು. ಆ ಭಾಷೆಯನ್ನು ತಾಯಿಯಿಂದ ಕಲಿತ ಇಬ್ಬರು ನಮ್ಮೆದುರು, ತೀರಾ ತುರ್ತಾದರೆ ಫೋನಿನಲ್ಲಿ, ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ನಾವು ಚಿತ್ರ ತೋರಿಸಬೇಕು ಇಲ್ಲವೇ ರೂಪ ಹೇಳಬೇಕು, ಹೆಸರಿಗೆ ಮಾತ್ರ ತುಟಿ ಬಿಚ್ಚಬಾರದು. ಅವರು ಹೇಳಿದ ಮೇಲೆ ‘ಎಲ್ಲಿ ಕಲಿತಿರಿ?’ ಎಂದು ಕೇಳಬೇಕು. ಒಬ್ಬರು ಇನ್ನೊಬ್ಬರಿಂದ ಕಲಿತಿದ್ದರೆ ಅದು ಎರಡು ಬಾಯಿಯಲ್ಲ, ಒಂದೇ ಬಾಯಿ. ಕಾರ್ಡು ಕಸದ ಬುಟ್ಟಿಗೆ. ಎರಡೂ ಬಾಯಿ ಸಿಕ್ಕರೆ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಹೇಳಿದವರ ಹೆಸರು ಅಚ್ಚಾಗುತ್ತದೆ. ನಾನು ಸ್ವಂತ ಅಣ್ಣನ ಕಾರ್ಡನ್ನೂ ಹರಿದವಳು. ನಮ್ಮ ಭಾಷೆಗೆ ಎರಡನೆಯ ಬಾಯಾಗಿ ಗತ್ತಿನಿಂದ ಬಂದು ಕೂತಿದ್ದ. ಆ ಹೆಸರನ್ನು ಅವನು ಕಲಿತದ್ದು ಊಟದ ಮೇಜಿನ ಮೇಲೆ ನಾನು ಬಿಟ್ಟಿದ್ದ ಪ್ರೂಫಿನಿಂದ! ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಆ ಎರಡು ತಿಂಗಳು ಮನೆ ಎಷ್ಟು ಶಾಂತವಾಗಿತ್ತು ಎಂದು ಅತ್ತಿಗೆ ಈಗಲೂ ನೆನೆಸಿಕೊಳ್ಳುತ್ತಾಳೆ.

ಆ ಸಂಪುಟ ಅಚ್ಚಿಗೆ ಹೋಗಬೇಕಾಗಿದ್ದ ಗುರುವಾರ ಬೆಳಿಗ್ಗೆ ಅದರಲ್ಲಿ ಉಳಿದಿದ್ದು ಒಂದೇ ಖಾಲಿ ಜಾಗ. ಈಜಿಪ್ಟಿನ ನಾಯಿತಲೆಯ ದೇವರಿಗೆ ಸಂಬಂಧಿಸಿದ್ದು. ಸತ್ತವರ ಕೈ ಹಿಡಿದು ಆಚೆಗೆ ಕರೆದುಕೊಂಡು ಹೋಗುವವನು ಅವನು. ಅವನ ಸ್ವಂತ ನೆಲದವರು ಇನ್ಪು ಎಂದೋ ಅನ್ಪು ಎಂದೋ ಕರೆಯುತ್ತಿದ್ದರು. ಸ್ವರ ಬರೆಯುವ ಅಭ್ಯಾಸ ಅವರಿಗಿರಲಿಲ್ಲ, ಹಾಗಾಗಿ ಇವತ್ತಿಗೂ ಅದು ಊಹೆಯೇ. ಮಣ್ಣಿನ ಹಲಗೆಯ ಮೇಲೆ ಮೊಳೆಯಂಥ ಅಕ್ಷರ ಒತ್ತುತ್ತಿದ್ದವರು ಅನಪ ಎಂದು ಬರೆದರು. ಅದೇ ನೆಲದವರು ಮುಂದೆ ಕಾಪ್ಟಿಕ್ ಆಡುವ ಕಾಲಕ್ಕೆ ಅನೂಪ್ ಎಂದರು. ಗ್ರೀಕರು ಒಂದು ಬಾಲ ಅಂಟಿಸಿ ಅನೂಬಿಸ್ ಮಾಡಿದರು. ಇಟಲಿಯವರು ಆ ಬಾಲ ಕತ್ತರಿಸಿ ಅನೂಬಿ ಎಂದರು. ಜಪಾನಿನವರು ಬಾಲಕ್ಕೇ ಇನ್ನೊಂದು ಬಾಲ ಸೇರಿಸಿ ಅನುಬಿಸು ಎಂದರು. ನಾಯಿತಲೆಯವನ ಬಾಲದ ಜೊತೆ ಇಷ್ಟು ಜನ ಆಟವಾಡಿದರೂ ಅವನು ಯಾರನ್ನೂ ಕಚ್ಚಲಿಲ್ಲ. ಒಟ್ಟು ಅರವತ್ತೊಂದು ಭಾಷೆಯ ಸಾಲು ಅಚ್ಚಿಗೆ ತಯಾರಾಗಿತ್ತು. ಅರವತ್ತೆರಡನೆಯದಕ್ಕೆ ಒಂದೇ ಬಾಯಿ.

ಆ ಒಂದು ಬಾಯಿ ಸಂಪಾದಕರ ಹೆಂಡತಿಯದು.

ಅವರು ತೀರಿಕೊಂಡು ನಾಲ್ಕು ವರ್ಷ. ಅವರದು ಗುಡ್ಡಗಳಾಚೆಯ ಒಂದು ಸಣ್ಣ ಭಾಷೆ, ಆಡುವವರು ಕೆಲವೇ ಸಾವಿರ. ಮದುವೆಯಾದ ದಿನದಿಂದ ಆ ಹೆಣ್ಣುಮಗಳು ಈ ಕಾರ್ಡುಗಳ ದೂಳು ಒರೆಸಿದರು, ಇಲಿ ಕಡಿದ ಕಾರ್ಡುಗಳನ್ನು ಕೂತು ಎಡಗೈಯಲ್ಲಿ ಮತ್ತೆ ಬರೆದರು, ದಾರ ಕಟ್ಟಿ ಪೆಟ್ಟಿಗೆಗೆ ಹಾಕಿದರು. ನಾವೆಲ್ಲ ಅವರನ್ನು ‘ಅಮ್ಮ’ ಎನ್ನುತ್ತಿದ್ದೆವು. ಸಂಪಾದಕರು ಒಂದೊಂದೇ ದೇವರ ಚಿತ್ರ ಹಿಡಿದು “ನಿಮ್ಮ ಭಾಷೇಲಿ ಇವನಿಗೇನಂತಾರೆ?” ಎಂದು ಕೇಳುತ್ತಿದ್ದರು. ಅವರು ಪ್ರತಿ ಸಲವೂ “ಏನೂ ಅನ್ನಲ್ಲ, ನಮಗೆ ಅವನ ಪರಿಚಯವಿಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆಯಿತು. ಕೊನೆಯ ವರ್ಷ ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರಂತೆ. “ಆ ನಾಯಿತಲೆಯವನಿಗೆ ನಾವು ನೂಬೆಹೊ ಅಂತೀವಿ. ಬರ್ಕೊಳ್ಳಿ.” ಸಂಪಾದಕರು ಬರೆದ ಆ ಕಾರ್ಡಿನಲ್ಲಿ ಹೇಳಿದವರ ಜಾಗದಲ್ಲಿ ಇದ್ದದ್ದು ‘ನನ್ನ ಹೆಂಡತಿ’ ಎಂದಷ್ಟೇ. ಇಡೀ ಕೋಶದಲ್ಲಿ ಅವರ ಭಾಷೆಗೆ ಸೇರಿದ್ದು ಆ ಒಂದೇ ಹೆಸರು. ಎರಡನೆಯ ಬಾಯಿ ಸಿಗದಿದ್ದರೆ ಆ ಸಾಲು ಹೋಗುತ್ತದೆ. ಸಾಲಿನ ಜೊತೆ ಅದರ ಕೆಳಗೆ ಸಣ್ಣಕ್ಷರದಲ್ಲಿ ಬರಬೇಕಾದ ಅಮ್ಮನ ಹೆಸರೂ ಹೋಗುತ್ತದೆ. ಅಷ್ಟು ದೂಳು ಒರೆಸಿದವರ ಗುರುತು ಆ ಪುಸ್ತಕದಲ್ಲಿ ಬೇರೆಲ್ಲೂ ಇರಲಿಲ್ಲ.

ನಾಲ್ಕು ವರ್ಷಗಳಲ್ಲಿ ನಾನು ಹತ್ತಾರು ಸಲ ಕೇಳಿದ್ದೆ, “ಸರ್, ಎರಡನೆಯ ಬಾಯಿ ಹುಡುಕೋಣವೇ?” ಪ್ರತಿ ಸಲವೂ “ನೋಡೋಣ” ಎಂದು ಜಾರಿಕೊಂಡಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಯಾವುದೋ ಊರಿನ ಮೀನುಗಾರನ ಬಾಯಿಗಾಗಿ ಮೂರು ದಿನ ರೈಲಿನಲ್ಲಿ ಹೋದ ಮನುಷ್ಯ, ಹೆಂಡತಿಯ ವಿಷಯಕ್ಕೆ ಬಂದರೆ ಕುರ್ಚಿ ಬಿಟ್ಟು ಏಳಲೊಲ್ಲರು!

ಅಚ್ಚಿನ ಮನೆಯವರು ಆವತ್ತು ಬೆಳಿಗ್ಗೆ ಫೋನ್ ಮಾಡಿದರು. “ಇವತ್ತು ಸಾಯಂಕಾಲ ಆರಕ್ಕೆ ಕೊನೇ ಪುಟ ಮುಚ್ತೀನಿ. ಆಮೇಲೆ ಆ ದೇವರೇ ಬಂದ್ರೂ ಅಲ್ಲಾಡಿಸಲ್ಲ” ಎಂದರು. ನಾನು ಫೋನಿಟ್ಟು ಸಂಪಾದಕರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ನನ್ನ ಚೀಲದಲ್ಲೊಂದು ಚೀಟಿ ಇತ್ತು. ಹಿಂದಿನ ದಿನ ಅತ್ತಿಗೆ ಬರೆದುಕೊಟ್ಟ ವಿಳಾಸ. ಬಸ್ ಡಿಪೋ ಮೇಲಿರುವ ದರ್ಜಿ ಅಂಗಡಿಗೆ ಅವಳು ಕೋಟು ಸಡಿಲಿಸಲು ಕೊಟ್ಟಿದ್ದಳು. “ಆಯಮ್ಮ ಫೋನಲ್ಲಿ ಏನೋ ಮಾತಾಡ್ತಿದ್ಲು ಕಣೇ. ನಿಮ್ಮ ಸಂಪಾದಕರ ಹೆಂಡತಿ ಬಾಗಿಲಲ್ಲಿ ಬಂದೋರಿಗೆಲ್ಲ ಏನೋ ಅಂತಿದ್ರಲ್ಲ, ಅದೇ ಮಾತು ಅಂದ ಹಾಗಾಯ್ತು” ಎಂದಿದ್ದಳು. ಕೋಟು ಸಡಿಲಾಗಿದ್ದು ಅವಳಿಗೆ ಸಮಾಧಾನ. ನನಗೆ ಮಾತ್ರ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಸಂಪಾದಕರಿಗೆ ಏನೂ ಹೇಳದೆ, ಖಾಲಿ ಕಾರ್ಡು ಮತ್ತು ಚಿತ್ರ ಚೀಲಕ್ಕೆ ಹಾಕಿಕೊಂಡು ಹೊರಟೆ. ಎರಡು ಬಸ್ಸು ಬದಲಿಸಿ ಡಿಪೋ ತಲುಪಿದಾಗ ಹನ್ನೊಂದೂವರೆ. ಅಲ್ಲೂ ಮೆಟ್ಟಿಲು. ನನ್ನ ಹಣೆಯಲ್ಲಿ ಬರೆದಿರುವುದೇ ಮೆಟ್ಟಿಲು.

ಅಂಗಡಿಯೆಂದರೆ ಒಂದೇ ಕೋಣೆ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ತಂತಿಗೆ ತೂಗುಹಾಕಿದ ಕಂಡಕ್ಟರ್ ಅಂಗಿಗಳು, ನೆಲದ ತುಂಬ ಖಾಕಿ ಚೂರು. ದರ್ಜಿಯಮ್ಮನಿಗೆ ಅರವತ್ತರ ಮೇಲಿರಬೇಕು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ “ಬನ್ನಿ, ಕೂತ್ಕೊಳ್ಳಿ, ಚಿಕ್ಕದು ಮಾಡ್ಬೇಕಾ, ದೊಡ್ಡದು ಮಾಡ್ಬೇಕಾ?” ಎಂದಳು.

“ಹೊಲಿಗೆಗೆ ಬಂದಿಲ್ಲಮ್ಮ. ಒಂದು ಚಿತ್ರ ತೋರಿಸ್ತೀನಿ. ನಿಮ್ಮ ಭಾಷೇಲಿ ಇವನಿಗೇನಂತಾರೆ ಹೇಳಿದ್ರೆ ಸಾಕು.”

ಅವಳು ನನ್ನನ್ನು ತಲೆಕೆಟ್ಟವಳನ್ನು ನೋಡುವಂತೆ ನೋಡಿದಳು. ಚಿತ್ರ ಕೈಗಿಟ್ಟೆ. ಕನ್ನಡಕ ಏರಿಸಿಕೊಂಡಳು. ಸೂಜಿಗಳನ್ನು ಒಂದೊಂದೇ ತೆಗೆದು ಬಟ್ಟೆಗೆ ಚುಚ್ಚಿದಳು.

“ನೂಬೆಹೊ” ಎಂದಳು.

ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಹೆಸರು ಕೇಳಿ ನನಗೆ ಅಳು ಬಂದದ್ದು ಅದೇ ಮೊದಲು. ಕುಣಿಯಬೇಕೆನ್ನಿಸಿತು. ಮಂಡಿ ಒಪ್ಪಲಿಲ್ಲ. ಕಾರ್ಡು ತೆಗೆದೆ, ಹೆಸರು ಬರೆದೆ. ಇನ್ನುಳಿದದ್ದು ಆ ಹಾಳು ಪ್ರಶ್ನೆ.

“ಎಲ್ಲಿ ಕಲಿತಿರಿ ಇದನ್ನ?”

“ಸ್ಕೂಲಲ್ಲಿ. ನಮ್ಮ ಟೀಚರ್ ಹೇಳ್ಕೊಟ್ರು.” ದರ್ಜಿಯಮ್ಮ ಯಂತ್ರ ಬಿಟ್ಟು ನನ್ನ ಕಡೆ ತಿರುಗಿದಳು. “ಪಟ್ಟಣದಿಂದ ಒಂದು ಪೆಟ್ಟಿಗೆ ತುಂಬ ಗೋಡೆಪಟ ಬಂದಿತ್ತು. ಅದ್ರಲ್ಲಿ ಇವನೂ ಒಬ್ಬ. ಕೆಳಗಡೆ ಬರೆದಿದ್ದು ನಮಗೆ ಓದಕ್ಕೆ ಬರ್ತಿರ್ಲಿಲ್ಲ. ಟೀಚರ್ ಒಂದು ಕಾಗದ ಕತ್ತರಿಸಿ ಅದರ ಮೇಲೆ ಅಂಟಿಸಿ, ನಮ್ಮ ಬಾಯಿಗೆ ಹೊಂದೋ ಹಾಗೆ ನೂಬೆಹೊ ಅಂತ ಬರೆದ್ರು. ಎಡಗೈಯಲ್ಲಿ ಬರೀತಿದ್ರು. ನಲವತ್ತು ಮಕ್ಕಳು ಒಟ್ಟಿಗೆ ಕೂಗಿದ್ವಿ. ಅದಾದ್ಮೇಲೆ ನಮ್ಮ ಭಾಷೆ ಮಾತುಗಳನ್ನ ಕೇಳಿ ಬರ್ಕೊಳ್ಳಕ್ಕೆ ಬಂದಿದ್ದ ಯಾರೋ ಮನುಷ್ಯನ್ನ ಮದುವೆಯಾಗಿ ಹೊರಟುಹೋದ್ರು. ಏನು ಮನುಷ್ಯನೋ, ಬಗಲಲ್ಲಿ ಯಾವಾಗ್ಲೂ ಒಂದು ಕಾರ್ಡಿನ ಕಟ್ಟು!”

ಎಡಗೈ. ಕಾರ್ಡಿನ ಕಟ್ಟು. ನನ್ನ ಪೆನ್ನು ನಿಂತಿತು.

ನನ್ನ ಮುಖ ಸಪ್ಪಗಾದದ್ದು ಅವಳಿಗೆ ಕಾಣಲಿಲ್ಲ. ಹೇಳುತ್ತಲೇ ಹೋದಳು. “ನಮ್ಮೆಜಮಾನ್ರು ಹೋಗೋವಾಗ ತುಂಬ ಹೆದರ್ಕೊಂಡಿದ್ರು. ಏನು ಹೇಳ್ಬೇಕು ಅಂತ ತೋಚಲಿಲ್ಲ. ಟೀಚರ್ ಹೇಳಿದ್ದೇ ಬಾಯಿಗೆ ಬಂತು. ‘ಹೆದರಬೇಡಿ, ನೂಬೆಹೊ ಬರ್ತಾನೆ, ಕೈ ಹಿಡ್ಕೊಳ್ತಾನೆ, ಕೈ ಬಿಡಲ್ಲ’ ಅಂದೆ. ಆಮೇಲೆ ಸಮಾಧಾನವಾಗಿ ಮಲಗಿದ್ರು. ನಮ್ಮ ಕಡೆ ಈಗ ಎಲ್ಲರೂ ಹಾಗೇ ಹೇಳೋದು.”

‘ಎಲ್ಲಿ ಕಲಿತದ್ದು’ ಎಂಬ ಸಾಲಿನಲ್ಲಿ ‘ಅಜ್ಜಿಯಿಂದ’ ಎಂದು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನಿನ ತುದಿ ಕಾಗದಕ್ಕೆ ತಾಗಿಯೂ ಇತ್ತು. ಆದರೆ ನನ್ನಣ್ಣನ ಕಾರ್ಡು ಹರಿದ ಕೈಯಿದು. ಹರಿದ ಮುನ್ನೂರು ಕಾರ್ಡುಗಳಲ್ಲಿ ಎಷ್ಟು ಜನರ ಅಜ್ಜಿಯರಿದ್ದರೋ, ಎಷ್ಟು ಜನರ ಟೀಚರಿದ್ದರೋ. ‘ಶಾಲೆಯ ಟೀಚರಿಂದ’ ಎಂದೇ ಬರೆದೆ. ಅವಳು ಸಹಿ ಹಾಕಿದಳು. ಏಳುವಾಗ ಸುಮ್ಮನೆ ಕೇಳಿದೆ.

“ನಿಮ್ಮ ಕ್ಲಾಸಿನವರು ಈ ಊರಲ್ಲಿ ಬೇರೆ ಯಾರಾದ್ರೂ ಇದ್ದಾರಾ?”

“ಒಬ್ಬನಿದ್ದಾನೆ. ಇದೇ ಡಿಪೋದಲ್ಲಿ ಡ್ರೈವರಾಗಿದ್ದ, ಈಗ ಮನೇಲಿದ್ದಾನೆ. ಪ್ಯಾಂಟು ಹೊಲಿಸಕ್ಕೆ ಬರ್ತಾನೆ, ಜಗಳ ಆಡ್ತಾನೆ, ಹೋಗ್ತಾನೆ.” ಫೋನ್ ನಂಬರು ಬರೆದುಕೊಟ್ಟಳು. “ಅಂದ ಹಾಗೆ ನಮ್ಮ ಟೀಚರ್ ನಿಮಗೆ ಗೊತ್ತಾ?”

ಗೊತ್ತು ಎಂದೆ. ಉಳಿದದ್ದನ್ನು ಇನ್ನೊಂದು ದಿನ ಬಂದು ಹೇಳುತ್ತೇನೆಂದು ಮಾತು ಕೊಟ್ಟು ಇಳಿದೆ.

ಕಚೇರಿಗೆ ಮರಳಿದಾಗ ಮೂರೂವರೆ. ಈ ಸಲ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ಮೇಲೆ ಹೋದಾಗ ಸಂಪಾದಕರು ಅದೇ ಕುರ್ಚಿಯಲ್ಲಿ, ಅದೇ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೇಜಿನ ಮೇಲಿನ ಚಹಾ ಕೆನೆಗಟ್ಟಿತ್ತು.

“ಸರ್, ದರ್ಜಿಯಮ್ಮ ಒಬ್ಬರು ಸಿಕ್ಕರು. ಚಿತ್ರ ತೋರಿಸಿದೆ. ನೂಬೆಹೊ ಅಂದ್ರು.”

ಅವರು ಥಟ್ಟನೆ ತಿರುಗಿದರು. “ನೀವು ಹೇಳಿಕೊಡಲಿಲ್ಲ ತಾನೆ?”

“ನಾನು ತುಟಿ ಬಿಚ್ಚಲಿಲ್ಲ.”

“ಎಲ್ಲಿ ಕಲಿತರಂತೆ?”

ಬೇರೆ ದಾರಿ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಗೋಡೆಪಟ, ಅಂಟಿಸಿದ ಕಾಗದ, ಎಡಗೈ, ನಲವತ್ತು ಮಕ್ಕಳು, ಗಂಡ ಸಾಯುವಾಗ ಹೇಳಿದ ಮಾತು. ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಲವತ್ತು ಮಕ್ಕಳಾ?” ಎಂದರು. “ನಾನು ಆ ಊರಿಗೆ ಹೋದಾಗ ಶಾಲೆಗೆ ರಜೆ. ಒಳಗೆ ಕಾಲಿಡಲೇ ಇಲ್ಲ” ಎಂದರು.

ಅವರು ಎರಡನೆಯ ಬಾಯಿ ಯಾಕೆ ಹುಡುಕಲಿಲ್ಲವೆಂಬುದು ಆಗ ಹೊರಬಂತು. “ನಲವತ್ತು ವರ್ಷ ಇಲ್ಲ ಅಂದವಳು ಕೊನೇಲಿ ಯಾಕೆ ಹೇಳಿದಳು? ನನ್ನ ಕಾಟ ತಾಳಲಾರದೆ ಅಂದ್ಕೊಂಡೆ. ಪಾಪ, ಮುದುಕ ಕೇಳಿ ಕೇಳಿ ಸಾಯ್ತಾನೆ, ಏನೋ ಒಂದು ಹೇಳಿಬಿಡೋಣ ಅಂತ ಸುಳ್ಳು ಹೇಳಿದಳು ಅಂದ್ಕೊಂಡೆ. ಹುಡುಕಿದ್ರೆ ಸುಳ್ಳು ಅಂತ ಗೊತ್ತಾಗ್ತಿತ್ತು. ಹುಡುಕದಿದ್ರೆ ಗೊತ್ತಾಗ್ತಿರ್ಲಿಲ್ಲ. ಹೆದರಿಕೆ ಕಣಮ್ಮ.”

ನನ್ನ ನಾಲ್ಕು ವರ್ಷದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕುರ್ಚಿಯಲ್ಲಿ ಕೂತಿದ್ದವರು ಸಂಪಾದಕರಲ್ಲ, ಹೆಂಡತಿಯ ಒಂದೇ ಒಂದು ಮಾತು ನಿಜವೋ ಅಲ್ಲವೋ ಎಂಬ ಅನುಮಾನವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ ಮುದುಕ.

“ಅಮ್ಮ ಸುಳ್ಳು ಹೇಳಲಿಲ್ಲ ಸರ್. ತಾವೇ ಹುಟ್ಟಿಸಿದ ಹೆಸರು ನಿಮ್ಮ ನಿಯಮಕ್ಕೆ ಹೊಂದಲ್ಲ ಅಂತ ಬಾಯಿ ಮುಚ್ಕೊಂಡಿದ್ರು, ಅಷ್ಟೆ. ಕೊನೇಲಿ ಅವರಿಗೇ ಆ ಹೆಸರು ಬೇಕಾಗಿತ್ತೇನೋ.”

ಅವರು ತಲೆಯಾಡಿಸಿದರು. ಆಮೇಲೆ ಕೆಂಪು ಪೆನ್ಸಿಲು ಕೈಗೆತ್ತಿಕೊಂಡರು. “ಆದ್ರೂ ಇದು ಒಂದೇ ಬಾಯಿ. ನನ್ನವಳಿಂದ ದರ್ಜಿಯಮ್ಮ ಕಲಿತದ್ದು. ನಿಯಮ ನಿಯಮವೇ” ಎಂದು ಅರವತ್ತೆರಡನೆಯ ಸಾಲಿನ ಮೇಲೆ ಪೆನ್ಸಿಲಿಟ್ಟರು.

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅವರ ಕೈ ಹಿಡಿದವಳಲ್ಲ. ಆವತ್ತು ಹಿಡಿದೆ.

“ಸರ್, ಅನಪ ಅಂತ ಬರೆದ ಮಣ್ಣಿನ ಹಲಗೆಗೆ ‘ಎಲ್ಲಿ ಕಲಿತೆ’ ಅಂತ ಕೇಳಿದ್ವಾ? ಕಲ್ಲಿಗೆ ಕೇಳಿದ್ವಾ? ಅವೆಲ್ಲ ಮೊದಲ ಸಾಲಲ್ಲಿ ಕೂತಿವೆ. ಅಮ್ಮನೂ ಬಾಯಿ ಅಲ್ಲ. ಅವರನ್ನ ಬಾಯಿಗಳ ಸಾಲಲ್ಲಿ ಕೂರಿಸಿದ್ದೇ ನಮ್ಮ ತಪ್ಪು. ಈ ಹೆಸರು ಮೊದಲು ಕಂಡದ್ದು ಅವರು ಬರೆದ ಕಾಗದದ ಮೇಲೆ. ಅವರು ಮೇಲಿನ ಸಾಲು. ಮೊದಲ ಬಾಯಿ ದರ್ಜಿಯಮ್ಮ. ಎರಡನೇದು ಬೇಕಾಗಿರೋದು ಈಗ.” ನಂಬರಿನ ಚೀಟಿಯನ್ನು ಅವರ ಮುಂದಿಟ್ಟೆ. “ಇವರು ಡ್ರೈವರಾಗಿದ್ದವರು, ದರ್ಜಿಯಮ್ಮನದೇ ಕ್ಲಾಸು. ಅವರಿಂದ ಇವರು ಕಲಿತಿಲ್ಲ, ಇವರಿಂದ ಅವರು ಕಲಿತಿಲ್ಲ. ಆ ಭಾಷೆ ನನಗೆ ಬರಲ್ಲ. ನೀವೇ ಮಾತಾಡಬೇಕು.”

ಗಡಿಯಾರದಲ್ಲಿ ನಾಲ್ಕೂಕಾಲು. ಅವರು ನಂಬರನ್ನು ಬಹಳ ಹೊತ್ತು ನೋಡಿದರು. ಆ ಭಾಷೆ ಆಡದೆ ಅವರಿಗೂ ನಾಲ್ಕು ವರ್ಷವಾಗಿತ್ತು. ಆಡಲು ಮನೆಯಲ್ಲಿ ಯಾರಿದ್ದರು?

ಆ ಕಡೆ ಫೋನ್ ಎತ್ತಿದರು. ಸಂಪಾದಕರು ತಡವರಿಸುತ್ತ, ನಡುವೆ ಮಾತು ಹುಡುಕುತ್ತ ಏನೋ ಕೇಳಿದರು. ನಾಯಿಯ ತಲೆ ಎಂಬುದನ್ನು ಕೈಯಲ್ಲೂ ಮಾಡಿ ತೋರಿಸಿದರು. ಫೋನಿನಲ್ಲಿ ಕೈ ಯಾರಿಗೆ ಕಾಣುತ್ತದೆ! ಆ ಕಡೆಯ ದನಿ ದೊಡ್ಡದು, ಡ್ರೈವರನ ದನಿ. ನಾನು ನಿಂತಲ್ಲಿಗೇ ಸ್ಪಷ್ಟವಾಗಿ ಕೇಳಿಸಿತು. “ನೂಬೆಹೊ!” ಆಮೇಲೆ ಒಂದು ನಗು. ಆಮೇಲೆ ಒಂದು ಪ್ರಶ್ನೆ.

ಸಂಪಾದಕರು ಕಣ್ಣು ಮುಚ್ಚಿಕೊಂಡರು. ಆ ಕಡೆಯವನು ಪ್ರಶ್ನೆಯನ್ನು ಮತ್ತೆ ಕೇಳಿದ. ಆಗ ಇವರು ಎರಡೇ ಮಾತು ಹೇಳಿದರು. ಅರ್ಥ ತಿಳಿಯದಿದ್ದರೂ ಏನು ಹೇಳಿದರೆಂದು ನನಗೆ ಗೊತ್ತಾಯಿತು. ದೊಡ್ಡ ದನಿ ತಗ್ಗಿತು. ಮಕ್ಕಳು ಪಾಠ ಒಪ್ಪಿಸುವಂತೆ ನಿಧಾನವಾಗಿ ಏನೋ ಹೇಳಿತು. ಅದರಲ್ಲಿ ನೂಬೆಹೊ ಎಂಬ ಹೆಸರು ಮತ್ತೆ ಬಂತು.

ಸಂಪಾದಕರು ಫೋನಿಟ್ಟರು. ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹಾಗೇ ಗಲ್ಲಕ್ಕಿಳಿಯಿತು.

“ಟೀಚರ್ ಹೇಳ್ಕೊಟ್ಟದ್ದು ಅಂದ. ಕಾರ್ಡಿನ ಕಟ್ಟಿನವರು ನೀವೇ ಅಲ್ವಾ, ಟೀಚರ್ ಹೇಗಿದ್ದಾರೆ ಅಂತ ಕೇಳಿದ. ಇಲ್ಲ ಅಂದೆ. ಅವಳ ಭಾಷೇಲಿ ಆ ಮಾತು ನಾನು ಯಾರಿಗೂ ಹೇಳಿರಲಿಲ್ಲಮ್ಮ. ಅದಕ್ಕೆ ಅವನು...” ಕೆಂಪು ಪೆನ್ಸಿಲನ್ನು ಪಕ್ಕಕ್ಕೆ ಸರಿಸಿದರು. “ಹೆದರಬೇಡಿ, ನೂಬೆಹೊ ಬಂದಿರ್ತಾನೆ, ಅವರ ಕೈ ಹಿಡ್ಕೊಂಡಿರ್ತಾನೆ, ಕೈ ಬಿಡಲ್ಲ ಅಂದ.”

ನಾನು ಅವರನ್ನು ಅವರ ಪಾಡಿಗೆ ಬಿಟ್ಟು ಚಹಾ ಲೋಟ ತೊಳೆದು ಬಂದೆ. ತೊಳೆಯುವಾಗ ನಾನೂ ಅತ್ತೆ. ಆಮೇಲೆ ಕೂತು ಹೊಸ ಕಾರ್ಡು ತೆಗೆದೆ. ಮೊದಲ ಬಾಯಿ ಬರೆದೆ, ಎರಡನೆಯ ಬಾಯಿ ಬರೆದೆ. ಸಹಿಗೆ ನಾಳೆ ಬೆಳಿಗ್ಗೆ ಡ್ರೈವರನ ಮನೆಗೆ ಹೋಗಬೇಕು. ಅಲ್ಲಿ ಎಷ್ಟು ಮೆಟ್ಟಿಲಿವೆಯೋ. ಮೇಲಿನ ಸಾಲಿಗೆ ಬಂದೆ. ‘ಮೊದಲು ಕಂಡದ್ದು: ಶಾಲೆಯ ಗೋಡೆಪಟದ ಮೇಲೆ ಅಂಟಿಸಿದ ಕಾಗದ. ಬರೆದವರು:’ ಎಂಬಲ್ಲಿಗೆ ಪೆನ್ನು ನಿಂತುಹೋಯಿತು.

ಹದಿನೆಂಟು ವರ್ಷ ಅವರು ಬಡಿಸಿದ್ದನ್ನು ತಿಂದಿದ್ದೆ. ಅವರ ದನಿ, ಅವರ ಎಡಗೈ ಅಕ್ಷರ, ಬಾಗಿಲಲ್ಲಿ ಅವರು ಹೇಳುತ್ತಿದ್ದ ಮಾತು ಎಲ್ಲ ಗೊತ್ತಿತ್ತು. ಒಬ್ಬ ದೇವರಿಗೆ ಅರವತ್ತೆರಡು ಹೆಸರು ಹುಡುಕಿದವಳು ನಾನು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

“ಸರ್, ಅಮ್ಮನ ಹೆಸರೇನು?”

ಸಂಪಾದಕರು ಹೇಳಿದರು. ನಿಧಾನವಾಗಿ, ಒಂದೊಂದೇ ಅಕ್ಷರವಾಗಿ, ನಾನು ತಪ್ಪು ಬರೆಯದ ಹಾಗೆ. ಬರೆದುಕೊಂಡು ಒಮ್ಮೆ ಓದಿ ತೋರಿಸಿದೆ. ಸರಿಯಿದೆ ಎಂದರು. ಅಚ್ಚಿನ ಮನೆಗೆ ಫೋನ್ ಮಾಡಿದೆ.